ಅವೆಸ್ತಾ ಮತ್ತು ನಾನು ಕೆಂಪು ಗೆರೆ ಎಳೆದ ಏಳು ಶಬ್ದಗಳು



ಈ ಸಲ ಇರಾಣದ ಪ್ರಾಚೀನ ಭಾಷೆಗಳ ಕುರಿತು ಬರೆಯುತ್ತಿದ್ದೇನೆ. ‘ಮಾಸ್ತರಿಗೆ ಲಕ್ಷ್ಮೇಶ್ವರದ ಶಾಸನಗಳು ಮುಗಿದವೇ, ಇದ್ದಕ್ಕಿದ್ದಂತೆ ಇರಾಣಕ್ಕೇಕೆ ಹೋದರು’ ಎಂದು ನೀವು ಕೇಳಬಹುದು. ನಾನು ಅಲ್ಲಿಗೆ ಹೋದದ್ದು ನಮ್ಮೂರಿನಿಂದಲೇ. ದಾರಿಯ ಆರಂಭದಲ್ಲಿ ನನ್ನದೇ ಒಂದು ತಪ್ಪಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳ ಜೊತೆಗೆ ಪುಲಿಗೆರೆಯನ್ನೂ ಹೆಸರಿಸಿತು. ಸುಮಾರು ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನು ತನ್ನ ಕಾವ್ಯಭಾಷೆಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನು. ಇಂಥ ಊರಿನಲ್ಲಿ ಕನ್ನಡ ಕಲಿಸುವ ಭಾಗ್ಯ ನನಗೆ ದೊರೆತಿತ್ತು. ಆ ಹೆಮ್ಮೆಯು ಕೆಲವೊಮ್ಮೆ ಕಣ್ಣಿಗೆ ಪೊರೆ ಕಟ್ಟುತ್ತದೆಂಬುದು ಆಗ ತಿಳಿದಿರಲಿಲ್ಲ.

ನಾಲ್ಕು ದಶಕಗಳಿಗೂ ಹಿಂದಿನ ಮಾತು. ಒಂಬತ್ತನೆಯ ತರಗತಿಗೆ ‘ನಮ್ಮ ಮನೆಯ ಹಬ್ಬ’ ಎಂಬ ನಿಬಂಧ ಕೊಟ್ಟಿದ್ದೆ. ಒಬ್ಬ ಹುಡುಗ ರಮಜಾನ್ ಹಬ್ಬದ ಕುರಿತು ಬರೆದಿದ್ದ. ಹಬ್ಬಕ್ಕೆ ಒಂದು ಹಫ್ತಾ ಮೊದಲೇ ಅವನ ತಂದೆ ಶಹರಕ್ಕೆ ಹೋಗಿ ಬಟ್ಟೆ ತಂದದ್ದು, ತಾಯಿ ರೋಜಾ ಹಿಡಿದೇ ಮನೆಮಂದಿಗೆಲ್ಲ ಅಡಿಗೆ ಮಾಡಿದ್ದು, ಮೈದಾನದ ಬಂದೋಬಸ್ತು, ನಮಾಜು, ಸಂಜೆ ದರ್ಗಾಕ್ಕೆ ಹೋಗಿ ಬಂದದ್ದು, ಮರುದಿನ ಎಲ್ಲರೂ ತಮ್ಮ ಜಮೀನಿಗೆ ಹೋಗಿ ಬೇವಿನ ಮರದ ಕೆಳಗೆ ಉಂಡದ್ದು. ಬರವಣಿಗೆ ಚೆನ್ನಾಗಿತ್ತು. ಆದರೆ ನಾನು ಏಳು ಶಬ್ದಗಳಿಗೆ ಕೆಂಪು ಮಸಿಯಿಂದ ಗೆರೆ ಎಳೆದು, ಮೇಲೆ ಬೇರೆ ಶಬ್ದಗಳನ್ನು ಬರೆದೆ. ಹಫ್ತಾ ಇದ್ದಲ್ಲಿ ಸಪ್ತಾಹ, ಶಹರಕ್ಕೆ ನಗರ, ರೋಜಾಕ್ಕೆ ಉಪವಾಸ, ಬಂದೋಬಸ್ತಿಗೆ ವ್ಯವಸ್ಥೆ, ನಮಾಜಿಗೆ ಪ್ರಾರ್ಥನೆ, ದರ್ಗಾಕ್ಕೆ ಪುಣ್ಯಸ್ಥಳ, ಜಮೀನಿಗೆ ಭೂಮಿ. ಕೊನೆಯಲ್ಲಿ ‘ಶುದ್ಧ ಕನ್ನಡದಲ್ಲಿ ಬರೆ’ ಎಂದು ಷರಾ ಹಾಕಿದೆ.

ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ ಸಂತೆಯ ದಿನ ಅವನು ಎದುರಾದ. ತಲೆ ಪೂರ್ತಿ ನರೆತಿತ್ತು. ಕೈ ಮುಗಿದು ಮಾತಾಡಿಸಿ, ಚಹಾ ಕುಡಿಸಿ, ನಗುತ್ತಲೇ ಹೇಳಿದ: “ಸರ್, ನನ್ನ ನಿಬಂಧದಾಗ ನೀವು ಏಳು ಕಡೆ ಕೆಂಪು ಗೆರಿ ಹೊಡದಿದ್ರಿ, ನೆನಪೈತ್ರೀ? ಆ ವಹಿ ಇನ್ನೂ ಇಟ್ಟೇನ್ರಿ. ಅವತ್ತಿನಿಂದ ಮನಿ ಮಾತು ಸಾಲಿಗೆ ತರಬಾರದು ಅಂತ ತಿಳಕೊಂಡೆ. ಆಮೇಲೆ ಕನ್ನಡದಾಗ ಏನರ ಬರೀಬೇಕಂದ್ರ ಕೈ ಓಡಲಿಲ್ರಿ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಆ ಏಳು ಶಬ್ದಗಳು ಯಾರ ಮನೆಯವು, ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದವನು ಕೊನೆಗೆ ಜರತುಷ್ಟ್ರನ ಅವೆಸ್ತಾ ಗ್ರಂಥದ ಬಾಗಿಲಲ್ಲಿ ನಿಂತೆ.

ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಒಂದೇ ಭಾಷೆಯನ್ನು ಆಡುತ್ತಿದ್ದ ಜನ ಕಾಲಾಂತರದಲ್ಲಿ ಎರಡಾದರು. ಒಂದು ಶಾಖೆಯ ಮಾತು ಭಾರತದಲ್ಲಿ ವೇದಭಾಷೆಯಾಯಿತು. ಇನ್ನೊಂದು ಇರಾಣದ ಕಡೆ ಬೆಳೆದು ಅವೆಸ್ತಾದ ಭಾಷೆ, ಪ್ರಾಚೀನ ಪರ್ಶಿಯನ್ ಮೊದಲಾದ ರೂಪಗಳನ್ನು ತಾಳಿತು. ಪ್ರಾಚೀನ ಪರ್ಶಿಯನ್ ಭಾಷೆಯನ್ನು ದಾರಾ ಚಕ್ರವರ್ತಿಯು ಕ್ರಿ.ಪೂ. ಆರನೆಯ ಶತಮಾನದ ಕೊನೆಯಲ್ಲಿ ಬೆಹಿಸ್ತೂನದ ಬಂಡೆಯ ಮೇಲೆ ಮೊಳೆಯಾಕಾರದ ಲಿಪಿಯಲ್ಲಿ ಕೊರೆಯಿಸಿದನು. ಅದರಿಂದ ಪಹ್ಲವಿ, ಪಹ್ಲವಿಯಿಂದ ಇಂದಿನ ಪಾರಸಿ. ಅವೆಸ್ತಾದ ಭಾಷೆಯು ಪಾರಸಿಗೆ ತಾಯಿಯಲ್ಲ, ದೊಡ್ಡವ್ವ. ಈ ಸಂಬಂಧವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವೆಸ್ತಾದ ಅತ್ಯಂತ ಹಳೆಯ ಭಾಗ ‘ಗಾಥಾ’ಗಳು. ಇವು 17 ಸೂಕ್ತಗಳು, ಜರತುಷ್ಟ್ರನವೇ ಎಂದು ಸಂಪ್ರದಾಯ. ವಿದ್ವಾಂಸರಲ್ಲಿ ಹಲವರು ಇವುಗಳ ಕಾಲವನ್ನು ಕ್ರಿ.ಪೂ. 1500ರಿಂದ 1000ದ ನಡುವೆ ಇಡುತ್ತಾರೆ. ಗಾಥಾಗಳನ್ನು ಒಳಗೊಂಡ ‘ಯಸ್ನ’ದಲ್ಲಿ 72 ಅಧ್ಯಾಯಗಳಿವೆ. ಪಾರಸಿಗಳು ನವಜೋತ್ ಸಂಸ್ಕಾರದಲ್ಲಿ ಮಕ್ಕಳ ಸೊಂಟಕ್ಕೆ ಕಟ್ಟುವ ‘ಕುಸ್ತಿ’ ಎಂಬ ಉಣ್ಣೆಯ ದಾರಕ್ಕೂ 72 ಎಳೆ. ಯಸ್ನ ಎಂದರೆ ನಮ್ಮ ಯಜ್ಞ ಶಬ್ದವೇ. ಅವರಲ್ಲಿ ಯಾಜಕನು ಜಓತರ್, ನಮ್ಮಲ್ಲಿ ಹೋತೃ. ಅವರದು ಮಾಂಥ್ರ, ನಮ್ಮದು ಮಂತ್ರ. ಒಳ್ಳೆಯ ವಿಚಾರ, ಒಳ್ಳೆಯ ಮಾತು, ಒಳ್ಳೆಯ ಕೃತಿ ಎಂಬುದು ಅವರ ಧರ್ಮದ ಸಾರ. ಒಳ್ಳೆಯ ವಿಚಾರಕ್ಕೆ ಹುಮತ, ಒಳ್ಳೆಯ ಮಾತಿಗೆ ಹೂಖ್ತ ಎನ್ನುತ್ತಾರೆ. ಸಂಸ್ಕೃತ ಬಲ್ಲವರು ಅವುಗಳಲ್ಲಿ ಸುಮತವನ್ನೂ ಸೂಕ್ತವನ್ನೂ ಕೂಡಲೇ ಗುರುತಿಸುತ್ತಾರೆ.

ಇಲ್ಲಿ ಒಂದು ನಿಯಮ ಕಾಣುತ್ತದೆ. ಸಂಸ್ಕೃತದಲ್ಲಿ ಸಕಾರವಿದ್ದ ಅನೇಕ ಕಡೆ ಇರಾಣದ ಭಾಷೆಗಳಲ್ಲಿ ಹಕಾರವಿದೆ. ಸೋಮ ಅಲ್ಲಿ ಹಓಮ, ಸಪ್ತ ಅಲ್ಲಿ ಹಪ್ತ, ಅಸುರ ಅಲ್ಲಿ ಅಹುರ, ಸಿಂಧು ಅಲ್ಲಿ ಹಿಂದು. ನಮ್ಮ ದೇಶಕ್ಕೆ ಹಿಂದೂಸ್ಥಾನವೆಂಬ ಹೆಸರು ಬಂದದ್ದೇ ಅವರ ನಾಲಿಗೆಯಿಂದ. ಇದನ್ನು ತಿಳಿಯಲು ನೀವು ದೂರ ಹೋಗಬೇಕಿಲ್ಲ. ನಮ್ಮೂರಿನ ಹೆಸರನ್ನೇ ನೋಡಿ. ಹಳಗನ್ನಡದ ಪುಲಿಗೆರೆ ಮುಂದೆ ಹುಲಿಗೆರೆಯಾಯಿತು. ಪಾಲು ಹಾಲಾಯಿತು, ಪೂವು ಹೂವಾಯಿತು. ತಮಿಳರು ಇಂದಿಗೂ ಪಾಲು, ಪೂ ಎನ್ನುತ್ತಾರೆ. ಆದರೆ ನಮ್ಮಲ್ಲಿ ಒತ್ತಕ್ಷರದ ಪಕಾರ ಬದಲಾಗಲಿಲ್ಲ, ಅಪ್ಪ ಅಪ್ಪನಾಗಿಯೇ ಉಳಿದ. ಅವರಲ್ಲಿಯೂ ಹಾಗೆಯೇ, ತಕಾರದ ಹಿಂದಿನ ಸಕಾರ ಕದಲಲಿಲ್ಲ, ‘ಅಸ್ತಿ’ಯು ಅವೆಸ್ತಾದಲ್ಲಿಯೂ ಅಸ್ತಿಯೇ. ಧ್ವನಿಯು ಮನಬಂದಂತೆ ಬದಲಾಗುವುದಿಲ್ಲ, ಕಟ್ಟಳೆಗೆ ಒಳಪಟ್ಟು ಬದಲಾಗುತ್ತದೆ.

ಶಬ್ದಗಳು ಇಷ್ಟು ಹತ್ತಿರವಾದರೂ ದೇವತೆಗಳ ವಿಷಯದಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಜರತುಷ್ಟ್ರನ ಪರಮಾತ್ಮ ಅಹುರ ಮಜ್ದಾ. ಅಹುರನೆಂದರೆ ಅಸುರ. ನಮ್ಮ ಋಗ್ವೇದದ ಹಳೆಯ ಭಾಗಗಳಲ್ಲಿ ಅಸುರವೆಂಬುದು ವರುಣಾದಿಗಳಿಗೆ ಸಂದ ಗೌರವದ ಪದ. ಮುಂದೆ ಅದು ರಾಕ್ಷಸವಾಚಕವಾಯಿತು. ಅವರಲ್ಲಿ ಇದಕ್ಕೆ ವಿರುದ್ಧವಾಗಿ ದೇವನು ‘ದಏವ’ನೆಂಬ ದುಷ್ಟಶಕ್ತಿಯಾದನು. ಇಂದ್ರನನ್ನು ಅವರ ವೆಂದಿದಾದ್ ಗ್ರಂಥವು ದುಷ್ಟರ ಸಾಲಿನಲ್ಲಿ ನಿಲ್ಲಿಸಿದೆ. ಓದಿದಾಗ ಮನಸ್ಸಿಗೆ ಒಗ್ಗುವುದಿಲ್ಲ. ಆದರೆ ನಮ್ಮ ಮನೆಯಲ್ಲೇ ನೋಡಿ: ದೇವರೂ ದೈವವೂ ದೆವ್ವವೂ ಒಂದೇ ಬಳಗದ ಶಬ್ದಗಳು. ಒಂದಕ್ಕೆ ಕೈ ಮುಗಿಯುತ್ತೇವೆ, ಇನ್ನೊಂದು ಹುಣಸೆಮರದಲ್ಲಿದೆಯೆಂದು ಮಕ್ಕಳನ್ನು ಹೆದರಿಸುತ್ತೇವೆ.

ಕೆಲವು ಪಾತ್ರಗಳು ಎರಡೂ ಮನೆಗಳಲ್ಲಿ ಗೌರವ ಉಳಿಸಿಕೊಂಡವು. ವಿವಸ್ವಂತನ ಮಗ ಯಮ ನಮ್ಮಲ್ಲಿ ಮೊದಲು ಮೃತನಾಗಿ ಪಿತೃಲೋಕದ ಒಡೆಯನಾದವನು. ಅವೆಸ್ತಾದಲ್ಲಿ ವೀವಂಘ್ವಂತನ ಮಗ ಯಿಮ. ಅವನು ಆದಿಕಾಲದ ರಾಜ. ಮಹಾ ಚಳಿಗಾಲ ಬರಲಿದೆಯೆಂದು ಅಹುರ ಮಜ್ದಾ ಎಚ್ಚರಿಸಿದಾಗ ಒಂದು ಆವರಣವನ್ನು ಕಟ್ಟಿ ಮನುಷ್ಯರನ್ನೂ ಪಶುಗಳನ್ನೂ ಬೀಜಗಳನ್ನೂ ಕಾಪಾಡಿದವನು. ‘ಯಿಮ ಕ್ಷಏತ’ ಎಂಬ ಹೆಸರೇ ಪಾರಸಿಯಲ್ಲಿ ಜಮಶೇದ್ ಆಯಿತು. ಬೆಂಗಳೂರಿನ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ನಾವೆಲ್ಲ ಕರೆಯುವ, 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮಶೇಟ್‌ಜಿ ಟಾಟಾ ಅವರ ಹೆಸರಿನಲ್ಲಿರುವುದು ಅವನೇ. ಮಗನಿಗೆ ಯಮನೆಂದು ಹೆಸರಿಡಲು ನಮಗೆ ಧೈರ್ಯವಾಗದು. ಅವರಿಗೆ ಅದು ರಾಜಯೋಗದ ಹೆಸರು.

ಈ ಗ್ರಂಥ ಉಳಿದ ಬಗೆಯೂ ಕೇಳಬೇಕಾದದ್ದು. ನಮ್ಮ ವೇದದಂತೆ ಅವೆಸ್ತಾ ಕೂಡ ಶತಮಾನಗಳ ಕಾಲ ಕಂಠಪಾಠದಲ್ಲೇ ಬದುಕಿತು. ಸಸಾನಿ ಅರಸರ ಕಾಲದಲ್ಲಿ ಅದಕ್ಕೆಂದೇ ಐವತ್ತಕ್ಕೂ ಹೆಚ್ಚು ಅಕ್ಷರಗಳ ಲಿಪಿಯನ್ನು ರೂಪಿಸಿ ಬರೆದಿಟ್ಟರು. ಆಗ 21 ಭಾಗಗಳಿದ್ದುವಂತೆ. ಇಂದು ಉಳಿದಿರುವುದು ಸುಮಾರು ಕಾಲುಭಾಗ. ಕ್ರಿ.ಶ. 651ರಲ್ಲಿ ಕೊನೆಯ ಸಸಾನಿ ಅರಸ ಮೂರನೆಯ ಯಜ್ದಗಿರ್ದನು ಹತನಾದ ನಂತರದ ಶತಮಾನಗಳಲ್ಲಿ ಒಂದು ಗುಂಪು ಹಡಗೇರಿ ಗುಜರಾತಿನ ತೀರಕ್ಕೆ ಬಂದಿತು. 1600ರ ಸುಮಾರಿಗೆ ರಚಿತವಾದ ‘ಕಿಸ್ಸಾ-ಇ-ಸಂಜಾನ್’ ಎಂಬ ಪಾರಸಿ ಕಾವ್ಯದ ಪ್ರಕಾರ ಅವರು ಮೊದಲು ದೀವ್ ದ್ವೀಪದಲ್ಲಿ 19 ವರ್ಷ ತಂಗಿ, ಬಳಿಕ ಸಂಜಾನಕ್ಕೆ ಹೋದರು. ದೀವ್ ಇರುವುದು ಸೌರಾಷ್ಟ್ರದ ಸೋಮನಾಥಕ್ಕೆ ಹೆಚ್ಚು ದೂರವಿಲ್ಲದ ಕಡಲಿನಲ್ಲಿ. ಅದೇ ಸೋಮನಾಥನನ್ನು ಆದಯ್ಯನು ಪುಲಿಗೆರೆಗೆ ಕರೆತಂದನೆಂಬುದು ನಮ್ಮೂರಿನ ಕಥೆ. ರಾಘವಾಂಕನು ‘ಸೋಮನಾಥ ಚರಿತೆ’ಯಲ್ಲಿ ಅದನ್ನೇ ಹಾಡಿದ್ದಾನೆ. ತಮ್ಮ ದೇವರನ್ನು ಹೊತ್ತು ಪರಸ್ಥಳಕ್ಕೆ ಬಂದವರ ಕಥೆಯನ್ನು ಅರ್ಥಮಾಡಿಕೊಳ್ಳಲು ಲಕ್ಷ್ಮೇಶ್ವರದವರಿಗೆ ಕಷ್ಟವಾಗಬಾರದು.

ಗುಜರಾತಿನ ಪಾರಸಿ ಪುರೋಹಿತರು ಈ ಗ್ರಂಥಗಳನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡಿ ಕಾಪಾಡಿದರು. ಅವರಲ್ಲಿ ನೇರ್ಯೋಸಂಘ ಧವಲನೆಂಬ ವಿದ್ವಾಂಸನು ಯಸ್ನದ ಬಹುಭಾಗವನ್ನು ಸಂಸ್ಕೃತಕ್ಕೆ ಅನುವಾದಿಸಿದನು. ಸಾವಿರಾರು ವರ್ಷ ಅಗಲಿದ್ದ ಎರಡು ಭಾಷೆಗಳು ಒಂದೇ ಹೊತ್ತಿಗೆಯಲ್ಲಿ ಮತ್ತೆ ಎದುರುಬದುರು ಕುಳಿತವು. 1758ರಲ್ಲಿ ಸೂರತ್ತಿಗೆ ಬಂದ ಆಂಕ್ವೆಟಿಲ್ ದ್ಯುಪೆರಾನ್ ಎಂಬ ಫ್ರೆಂಚ್ ತರುಣ ಪಾರಸಿ ಪುರೋಹಿತರಲ್ಲಿ ಕಲಿತು, 1771ರಲ್ಲಿ ಫ್ರೆಂಚ್ ಅನುವಾದ ಪ್ರಕಟಿಸಿದ. ಅದು ನಕಲಿ ಗ್ರಂಥವೆಂದು ಹಲವರು ಜರೆದರು. 1826ರಲ್ಲಿ ಡೆನ್ಮಾರ್ಕಿನ ರಾಸ್ಕ್ ಎಂಬ ವಿದ್ವಾಂಸನು ಅವೆಸ್ತಾದ ಭಾಷೆ ಪ್ರಾಚೀನವೆಂದೂ ಅದು ಸಂಸ್ಕೃತದ ಅಪಭ್ರಂಶವಲ್ಲ, ಸ್ವತಂತ್ರ ಸೋದರ ಭಾಷೆಯೆಂದೂ ತೋರಿಸಿದನು. ಗಾಥಾಗಳೇ ಎಲ್ಲಕ್ಕಿಂತ ಹಳೆಯವೆಂದು ಗುರುತಿಸಿದ ಮಾರ್ಟಿನ್ ಹೌಗ್ ಪುಣೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ಜರ್ಮನ್ ಪಂಡಿತ. ಅವನ ಪ್ರಬಂಧಗಳು 1862ರಲ್ಲಿ ಮುಂಬಯಿಯಲ್ಲಿ ಅಚ್ಚಾದವು.

ಇಲ್ಲಿ ಇನ್ನೊಂದು ತಪ್ಪನ್ನು ತಿದ್ದಿಕೊಳ್ಳುತ್ತೇನೆ. ‘ಅವೆಸ್ತಾ ಎಂದರೆ ಉಚ್ಚಾರ ಕೆಟ್ಟ ಸಂಸ್ಕೃತ’ ಎಂದು ನಾನು ತರಗತಿಯಲ್ಲಿ ಹೇಳಿದ್ದುಂಟು. ಕೇಳಿದವರು ದಯವಿಟ್ಟು ಮರೆತುಬಿಡಿ. ತಂಗಿಯನ್ನು ಅಕ್ಕನ ಮಗಳೆಂದು ಹೇಳಿದಂಥ ಪ್ರಮಾದವದು.

ಇನ್ನು ಈ ಬಳಗದ ಶಬ್ದಗಳು ನಮ್ಮ ನಾಡಿಗೆ ಬಂದ ದಾರಿ. ಕನ್ನಡನಾಡಿಗೂ ಇರಾಣಕ್ಕೂ ಸಂಬಂಧ ಹಳೆಯದು. ಅರಬ್ಬಿ ಇತಿಹಾಸಕಾರ ಅಲ್-ತಬರಿಯು ಸಸಾನಿ ಚಕ್ರವರ್ತಿ ಎರಡನೆಯ ಖುಸ್ರುವಿನ ಆಳಿಕೆಯ 36ನೆಯ ವರ್ಷದಲ್ಲಿ, ಎಂದರೆ ಸುಮಾರು ಕ್ರಿ.ಶ. 625ರಲ್ಲಿ, ಹಿಂದೂದೇಶದ ರಾಜನೊಬ್ಬನಿಂದ ಕಾಣಿಕೆಗಳೂ ಪತ್ರಗಳೂ ಬಂದುವೆಂದು ಬರೆದಿದ್ದಾನೆ. ಆ ರಾಜ ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿಯೆಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಖುಸ್ರು ಜರತುಷ್ಟ್ರ ಧರ್ಮದವನು. ಎರಡೂ ಕಡೆ ಅಗ್ನಿಯ ಮುಂದೆ ಮಂತ್ರ ಹೇಳುತ್ತಿದ್ದ ಕಾಲವದು.

ಆದರೆ ಶಬ್ದಗಳು ಗುಂಪುಗುಂಪಾಗಿ ಬಂದದ್ದು ಬಹಮನಿ ಮತ್ತು ಆದಿಲ್‌ಶಾಹಿ ಆಳಿಕೆಯಲ್ಲಿ. ವಿಜಾಪುರದ ದರಬಾರಿನಲ್ಲಿ ಪಾರಸಿ ಓಡಾಡಿತು. ಅಲ್ಲಿಂದ ಕಚೇರಿಗೆ, ಕಚೇರಿಯಿಂದ ಚಾವಡಿಗೆ, ಚಾವಡಿಯಿಂದ ಹೊಲಕ್ಕೆ ಇಳಿಯಿತು. ನಮ್ಮೂರಿನಲ್ಲಿ ಸೋಮೇಶ್ವರನ ಗುಡಿಯಿರುವಂತೆಯೇ ಆದಿಲ್‌ಶಾಹಿ ಕಾಲದ ಮಸೀದಿಯೂ ದೂದನಾನಾ ದರ್ಗಾವೂ ಇವೆ. ಕಲ್ಲಿನಲ್ಲಿ ಉಳಿದಂತೆ ಮಾತಿನಲ್ಲಿಯೂ ಆ ಕಾಲ ಉಳಿದಿದೆ.

ಈಗ ಆ ಹುಡುಗನ ವಹಿಯನ್ನು ತೆರೆಯೋಣ.

ಮೊದಲನೆಯದು ಹಫ್ತಾ. ಪಾರಸಿಯಲ್ಲಿ ಏಳಕ್ಕೆ ಹಫ್ತ, ಅವೆಸ್ತಾದಲ್ಲಿ ಹಪ್ತ, ಸಂಸ್ಕೃತದಲ್ಲಿ ಸಪ್ತ. ಹಫ್ತಾ ಹೊಡೆದು ಸಪ್ತಾಹ ಬರೆದ ನಾನು ಮಾಡಿದ್ದೇನು? ಶಬ್ದದ ಒಂದು ಅಂಗಿ ಬಿಚ್ಚಿ ಇನ್ನೊಂದು ತೊಡಿಸಿದೆ, ಅಷ್ಟೆ.

ಎರಡನೆಯದು ಶಹರ. ಇದರ ಹಳೆಯ ರೂಪ ಕ್ಷಥ್ರ, ಅರ್ಥ ಅಧಿಕಾರ, ರಾಜ್ಯ. ನಮ್ಮ ಕ್ಷತ್ರ, ಕ್ಷತ್ರಿಯ ಶಬ್ದಗಳ ಒಡಹುಟ್ಟು. ಮೂರನೆಯದು ರೋಜಾ. ಪಾರಸಿಯ ರೋಜ್ ಎಂದರೆ ದಿನ. ಅವೆಸ್ತಾದ ರಓಚಃ ಎಂದರೆ ಬೆಳಕು. ಸಂಸ್ಕೃತದಲ್ಲಿ ರೋಚಿಸ್, ಕಾಂತಿ. ಹಗಲಿಡೀ ಹಿಡಿಯುವ ವ್ರತಕ್ಕೆ ಹಗಲಿನ ಹೆಸರೇ ಬಂದಿತು. ನಾಲ್ಕನೆಯದು ಬಂದೋಬಸ್ತು. ಬಂದ ಎಂದರೆ ಬಂಧ, ಬಸ್ತ ಎಂದರೆ ಬದ್ಧ. ಪೊಲೀಸ್ ಬಂದೋಬಸ್ತಿನೊಳಗೆ ಪಾಣಿನಿಯ ಧಾತು ಎರಡು ಬಾರಿ ಕುಳಿತಿದೆ.

ಐದನೆಯದು ನಮಾಜು. ಇದು ನನ್ನನ್ನು ಬಹಳ ಹೊತ್ತು ಸುಮ್ಮನೆ ಕೂರಿಸಿದ ಶಬ್ದ. ಇದು ಅರಬ್ಬಿಯದಿರಬೇಕೆಂದು ತಿಳಿದಿದ್ದೆ. ಅರಬ್ಬಿಯಲ್ಲಿ ಆ ಪ್ರಾರ್ಥನೆಯ ಹೆಸರು ಸಲಾತ್. ನಮಾಜು ಇಸ್ಲಾಮಿಗಿಂತ ಹಿಂದಿನ ಇರಾಣದ ಶಬ್ದ. ಅವೆಸ್ತಾದಲ್ಲಿ ನೆಮಃ, ಸಂಸ್ಕೃತದಲ್ಲಿ ನಮಃ, ಎರಡಕ್ಕೂ ಅರ್ಥ ಬಾಗುವುದು, ವಂದಿಸುವುದು. ಮಸೀದಿಯಲ್ಲಿ ನಮಾಜು, ಸೋಮೇಶ್ವರನ ಗುಡಿಯಲ್ಲಿ ನಮಃ, ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ 1926ರಲ್ಲಿ ಕಟ್ಟಿದ ಪಾರಸಿ ಅಗ್ನಿಮಂದಿರದಲ್ಲಿ ನೆಮಃ. ಪೂಜಿಸುವ ರೀತಿ ಬೇರೆ, ತತ್ತ್ವ ಬೇರೆ. ಅವನ್ನು ಒಂದೆನ್ನುವುದು ಯಾರಿಗೂ ಗೌರವ ತರುವ ಮಾತಲ್ಲ. ಆದರೆ ಬಾಗುವುದಕ್ಕೆ ಬಳಸಿದ ಶಬ್ದ ಮಾತ್ರ ಒಂದೇ ಬೇರಿನದು.

ಆರನೆಯದು ದರ್ಗಾ. ದರ್ ಎಂದರೆ ಬಾಗಿಲು, ನಮ್ಮ ದ್ವಾರ. ದರಬಾರಿನಲ್ಲಿರುವುದೂ ಅದೇ.

ಏಳನೆಯದನ್ನು ಕೊನೆಗೆ ಹೇಳುತ್ತೇನೆ. ನಡುವೆ ನಿಮ್ಮ ವಿನೋದಕ್ಕೆ ಇನ್ನೆರಡು. ಸಂಸ್ಕೃತದ ಹಸ್ತ ಅವೆಸ್ತಾದಲ್ಲಿ ಜಸ್ತ, ಪಾರಸಿಯಲ್ಲಿ ದಸ್ತ. ಕೈಯಿಂದ ಹಿಡಿಯುವುದು ದಸ್ತಗಿರಿ. ಎಂದರೆ ಹಸ್ತಗ್ರಹಣ! ಮದುವೆಯ ಪಾಣಿಗ್ರಹಣಕ್ಕೂ ಫೌಜದಾರನ ದಸ್ತಗಿರಿಗೂ ಅರ್ಥ ಒಂದೇ ಎಂದು ಹೇಳಿದಾಗ ನಮ್ಮ ಮನೆಯವರು ಚಹಾದ ಕಪ್ಪನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲಿಟ್ಟರು. ಇನ್ನೊಂದು, ಸರಕಾರಿ ಕಾಗದಗಳಲ್ಲಿ ಬರುವ ‘ಪ್ರಸಕ್ತ ಸಾಲಿನ’ ಎಂಬ ಮಾತು. ಈ ಸಾಲು ಗಿಡಗಳ ಸಾಲಲ್ಲ, ಪಾರಸಿಯ ಸಾಲ್, ವರ್ಷ. ಸಂಸ್ಕೃತದ ಶರತ್ ಇದರ ಬಂಧು. ಶರತ್ಕಾಲಗಳನ್ನು ಎಣಿಸಿ ವರ್ಷಗಳನ್ನು ಲೆಕ್ಕ ಹಾಕಿದ ಜನ ಇಬ್ಬರೂ.

ಇಷ್ಟನ್ನೆಲ್ಲ ಓದಿದವರು ‘ಹಾಗಾದರೆ ಪಾರಸಿ ಶಬ್ದಗಳೂ ನಮ್ಮವೇ’ ಎಂದು ಹಿಗ್ಗಬಾರದು. ಕನ್ನಡವು ದ್ರಾವಿಡ ಭಾಷೆ. ಅದಕ್ಕೆ ಸಂಸ್ಕೃತವೂ ಪಾರಸಿಯೂ ಹೊರಗಿನಿಂದ ಬಂದ ನೆಂಟರೇ. ಒಬ್ಬರು ಮೊದಲು ಬಂದರು, ಇನ್ನೊಬ್ಬರು ಸಾವಿರಕ್ಕೂ ಹೆಚ್ಚು ವರ್ಷ ತಡವಾಗಿ ಬೇರೆ ಬಾಗಿಲಿನಿಂದ ಬಂದರು. ಎಂದೋ ಬೇರೆಯಾಗಿದ್ದ ದಾಯಾದಿಗಳು ಕನ್ನಡವ್ವನ ಪಡಸಾಲೆಯಲ್ಲಿ ಮತ್ತೆ ಒಂದೇ ಪಂಕ್ತಿಯಲ್ಲಿ ಉಂಡರು. ನಾನು ಮಾಡಿದ್ದೇನು? ಒಬ್ಬ ನೆಂಟನಿಗೆ ಮಣೆ ಹಾಕಿ, ಇನ್ನೊಬ್ಬನ ಎಲೆ ಎತ್ತಿಸಿದೆ. ನಾನು ತಿದ್ದಿ ಬರೆದ ನಗರ, ಉಪವಾಸ, ವ್ಯವಸ್ಥೆ, ಪ್ರಾರ್ಥನೆ, ಭೂಮಿ, ಇವುಗಳಲ್ಲಿ ಒಂದೂ ಅಚ್ಚಗನ್ನಡವಲ್ಲ. ‘ಶುದ್ಧ ಕನ್ನಡ’ದ ಶುದ್ಧವೂ ಅಲ್ಲ. ಆ ಹುಡುಗನ ಶಬ್ದಗಳು ಅವನ ತಾಯಿ ದಿನವೂ ಆಡುತ್ತಿದ್ದವು. ಪಂಪನು ಮೆಚ್ಚಿದ ತಿರುಳ್ಗನ್ನಡವೂ ಅಂದು ಪುಲಿಗೆರೆಯ ಜನ ಆಡುತ್ತಿದ್ದ ಮಾತೇ ಅಲ್ಲವೇ? ನಮ್ಮೂರಿನ ತಿರುಳನ್ನು ಕಾಯುತ್ತೇನೆಂದು ಹೊರಟು, ನಮ್ಮೂರಿನ ಒಬ್ಬ ಹುಡುಗನ ಕೈಯಿಂದ ಲೇಖನಿಯನ್ನು ಕಸಿದುಕೊಂಡೆ.

ಕಳೆದ ತಿಂಗಳು ಅವನ ಮನೆಗೆ ಹೋಗಿ ಈ ಬರಹದ ಕರಡನ್ನು ಓದಿ ಹೇಳಿದೆ. ಹಳೆಯ ವಹಿಯನ್ನು ತಂದ. ಮಸಿ ಮಾಸಿ ಕಂದಾಗಿತ್ತು. ನನ್ನ ಏಳು ಗೆರೆಗಳ ಪಕ್ಕದಲ್ಲಿ ‘ಸರಿಯಿದೆ’ ಎಂದು ಏಳು ಸಲ ಬರೆದು, ಇಂದಿನ ದಿನಾಂಕ ಹಾಕಿ, ಸಹಿ ಮಾಡಿದೆ. ಅವನು ಏನೂ ಹೇಳಲಿಲ್ಲ. ಅವನ ಮೊಮ್ಮಗಳು ವಹಿಯನ್ನು ಇಣುಕಿ ನೋಡಿ, “ಅಜ್ಜಾ, ನಿನಗ ಎಷ್ಟು ಮಾರ್ಕ್ಸು ಬಿದ್ದಾವು?” ಎಂದು ಕೇಳಿದಳು. ನಾನು ಹಿಂದಿನ ಅಂಕಗಳನ್ನು ಹೊಡೆದು ಹೊಸದಾಗಿ ಬರೆದೆ. ಎಷ್ಟೆಂಬುದು ನಮ್ಮಿಬ್ಬರ ನಡುವೆ ಇರಲಿ.

ಏಳನೆಯ ಶಬ್ದ ಜಮೀನು. ಅವೆಸ್ತಾದಲ್ಲಿ ಭೂಮಿಗೆ ಜಮ್ ಎನ್ನುತ್ತಾರೆ. ಅದರ ಸಂಸ್ಕೃತದ ಜೊತೆಗಾರ ಕ್ಷಮ್, ಅದರಿಂದಲೇ ಭೂಮಿಗೆ ಕ್ಷ್ಮಾ, ಕ್ಷಮಾ ಎಂಬ ಹೆಸರುಗಳು. ತಪ್ಪನ್ನು ಮನ್ನಿಸುವ ಕ್ಷಮೆಯು ಬೇರೆ ಧಾತುವಿನದೆಂದು ವ್ಯಾಕರಣ ಬಲ್ಲವರು ಹೇಳುತ್ತಾರೆ, ಅದು ಸರಿಯೇ. ಆದರೂ ಅಂದು ಅವನ ಜಮೀನನ್ನು ಹೊಡೆದುಹಾಕಿದ ನಾನು ಇಂದು ಅವನಲ್ಲಿ ಕೇಳಬೇಕಾಗಿ ಬಂದ ಶಬ್ದವೂ ಅದೇ.

ನನ್ನ ತರಗತಿಯಲ್ಲಿ ಕುಳಿತಿದ್ದ ಬೇರೆ ಯಾರ ವಹಿಯಲ್ಲಾದರೂ ಇಂಥ ಕೆಂಪು ಗೆರೆಗಳಿದ್ದರೆ ತಿಳಿಸಿರಿ. ಕಣ್ಣು ಮಂಜಾಗುವ ಮೊದಲು ತಿದ್ದಿಕೊಡುತ್ತೇನೆ.

ಎಲ್ಲರಿಗೂ ಶುಭವಾಗಲಿ.

ಇಂತು ನಿಮ್ಮ ಮಾಸ್ತರ,
ಲಕ್ಷ್ಮೇಶ್ವರ